ಇಪ್ಪತ್ತೆರಡು ಹೆಜ್ಜೆಗೆ ಯಾವ ಸಂಗೀತ?

ಭೂಮಿಯ ಮೇಲೆ ಇದುವರೆಗೆ ನಡೆದ ಮದುವೆಗಳಲ್ಲಿ ಅರ್ಧದಷ್ಟರ ವಿಡಿಯೋಗೆ ಸಂಗೀತ ಆರಿಸಿದವರು ಈ ಎಡಿಟರಮ್ಮ. ಉಳಿದರ್ಧ ಕ್ಯಾಮೆರಾ ಹುಟ್ಟುವ ಮೊದಲೇ ಮುಗಿದುಹೋಗಿದ್ದವು. ಪಾಪ, ಅವಕ್ಕೆ ಆ ಭಾಗ್ಯವಿಲ್ಲ.

ಬೆಳಗಿನ ಐದೂವರೆ. ಹೊಲಿಗೆ ಅಂಗಡಿಯ ಮೇಲಿನ ಒಂದೇ ಕಿಟಕಿಯ ಕೋಣೆ. ಎಡಿಟರಮ್ಮನ ಒಂದು ಕಿವಿ ಹೆಡ್‌ಫೋನಿಗೆ, ಇನ್ನೊಂದು ಒಲೆಯ ಮೇಲಿನ ಹಾಲಿಗೆ. ಒಂಬತ್ತಕ್ಕೆ ಮದುಮಗಳ ಅಣ್ಣ ಬಂದು ವಿಡಿಯೋ ಒಯ್ಯುತ್ತಾನೆ. ಹತ್ತಕ್ಕೆ ಮನೆಮಂದಿಯೆಲ್ಲ ಟಿವಿಯ ಮುಂದೆ ಕೂರುತ್ತಾರೆ. ‘ಮುಗೀತು’ ಎಂದು ನಿನ್ನೆ ಸಂಜೆಯೇ ಫೋನಿನಲ್ಲಿ ಹೇಳಿಯಾಗಿದೆ.

ಹಾಲು ಇಳಿಸಲು ಬಂದ ಅತ್ತೆ ಪರದೆ ನೋಡಿ ನಕ್ಕುಬಿಡುತ್ತಾರೆ. “ಯಾರಮ್ಮಾ ಇದು, ಇಷ್ಟು ಚೆನ್ನಾಗಿ ಕುಣ್ಕೊಂಡು ಬರ್ತಿರೋದು?”

ಎಡಿಟರಮ್ಮನ ಕೈ ಮೌಸಿನ ಮೇಲೆ ಹಾಗೇ ನಿಲ್ಲುತ್ತದೆ. “ಕುಣೀತಿಲ್ಲ ಅತ್ತೆ. ಮದುಮಗಳ ಅಪ್ಪ. ಅವರಿಗೆ ಎಡಗಾಲು ಎಳೆಯುತ್ತೆ.”

ಅತ್ತೆಯ ನಗು ಆರುತ್ತದೆ. “ಅಯ್ಯೋ, ನನ್ನ ನಾಲಿಗೆಗೆ ಬೆಂಕಿ ಹಾಕ. ಅವರೂ ಇದನ್ನ ನೋಡ್ತಾರೇನೇ?”

ನೋಡುತ್ತಾರೆ. ಗಾಲಿಕುರ್ಚಿಯಲ್ಲಿದ್ದ ಮನುಷ್ಯ ಮೂರು ತಿಂಗಳು ಗೋಡೆ ಹಿಡಿದು ಅಭ್ಯಾಸ ಮಾಡಿ, ಮಗಳ ಕೈ ಹಿಡಿದು ಬಾಗಿಲಿನಿಂದ ವೇದಿಕೆಯವರೆಗೆ ಇಪ್ಪತ್ತೆರಡು ಹೆಜ್ಜೆ ನಡೆದಿದ್ದಾರೆ. ನಿನ್ನೆ ಸಂಜೆ ಸ್ಟೂಲಿನ ಮೇಲೆ ಕೂತಿದ್ದ ಯಾರೋ ಒಬ್ಬ ಮಹಾ ಸಂಗೀತಜ್ಞಾನಿ, “ಇಲ್ಲಿಗೆ ಡೋಲು ಹಾಕಿ, ಮೈ ಜುಮ್ ಅನ್ನುತ್ತೆ” ಎಂದು ಅಪ್ಪಣೆ ಕೊಡಿಸಿದ್ದ. ಏಟಿಗೆ ಸರಿಯಾಗಿ ಚಿತ್ರ ಕತ್ತರಿಸುವುದು ಎಡಿಟರಮ್ಮನ ಹತ್ತೊಂಬತ್ತು ವರ್ಷದ ಕೈ ಚಾಳಿ. ಡೋಲಿನ ಒಂದೊಂದು ಏಟೂ ಎಳೆಯುವ ಕಾಲಿನ ಕೆಳಗೇ ಬಂದು ಬಿದ್ದಿದೆ. ಇಡೀ ಬಳಗದೆದುರು ಅಪ್ಪ ನಗೆಪಾಟಲಾಗಲು ಇನ್ನು ನಾಲ್ಕೂವರೆ ಗಂಟೆ.

ಆಲ್ಬಮ್ಮಿಗೆ ಫೋಟೋ ಅಂಟಿಸಲು ಸ್ಟುಡಿಯೋ ಸೇರಿದ್ದವರು ಇವರು. ನೋಡಿ ನೋಡಿಯೇ ಕೆಲಸ ಕಲಿತರು. ಒಂದು ಮದುವೆಗೆ ಹದಿನಾಲ್ಕು ಗಂಟೆಯ ಚಿತ್ರ ಬರುತ್ತದೆ. ಅದು ನಲವತ್ತು ನಿಮಿಷಕ್ಕೆ ಇಳಿಯುವಷ್ಟರಲ್ಲಿ ಅರವತ್ತು ಸಂಗೀತ ಕೇಳಿ ಕಿವಿ ಗುಂಯ್‌ಗುಟ್ಟುತ್ತದೆ. “ಕ್ಯಾಮೆರಾದವರನ್ನ ಊಟಕ್ಕೆ ಕರೀತಾರೆ. ನಾನು ಇದೀನಿ ಅಂತಾನೇ ಯಾರಿಗೂ ಗೊತ್ತಿಲ್ಲ,” ಎನ್ನುತ್ತಾರೆ, ಬೇಸರವಿಲ್ಲದೆ.

ಈಗ ಹೆಡ್‌ಫೋನ್ ಕಿತ್ತು, ಕೊಳಲು ಹಾಕುತ್ತಾರೆ. ಚಿತ್ರ ನೋಡದೆ, ಗೋಡೆಗೆ ಮುಖ ಮಾಡಿ ಬರೀ ಕೇಳಿಸಿಕೊಳ್ಳುವುದು ಅತ್ತೆಯ ಕೆಲಸ. “ಯಾರೋ ಊರು ಬಿಟ್ಟು ಹೋದ ಹಾಗಿದೆ,” ಎಂಬ ತೀರ್ಪು ಬರುತ್ತದೆ. ಪಿಟೀಲಿಗೆ, “ಮನುಷ್ಯ ಬದುಕಿದಾನೆ ತಾನೆ?” ಏಳು ಗಂಟೆ. ಏಳೂಮುಕ್ಕಾಲು. ಎಡಿಟರಮ್ಮ ಗಡಿಯಾರ ನೋಡುತ್ತಾರೆ. “ಹೋಗಲಿ, ಆ ನಡಿಗೇನೇ ಕತ್ತರಿಸಿಬಿಡಲಾ?”

“ಮೂರು ತಿಂಗಳು ಕಷ್ಟಪಟ್ಟಿದ್ದನ್ನ ಕತ್ತರಿಸ್ತೀಯಾ? ಕೈ ಹೇಗೆ ಬರುತ್ತೆ ನಿಂಗೆ?”

ಸೋತವರಂತೆ ಎಡಿಟರಮ್ಮ ಸಂಗೀತವನ್ನೆಲ್ಲ ಕಿತ್ತುಹಾಕಿ, ಕ್ಯಾಮೆರಾ ಹಿಡಿದಿದ್ದ ಬರಿಯ ಸದ್ದನ್ನು ತೆರೆಯುತ್ತಾರೆ. ಜನರೇಟರಿನ ಗುರುಗುರು. ಅದನ್ನು ತಗ್ಗಿಸುತ್ತಾ ಹೋದಂತೆ ಅಡಿಯಿಂದ ಒಂದು ಪಿಸುಮಾತು ಏಳುತ್ತದೆ. “ಹದಿನಾರು... ಹದಿನೇಳು... ಇನ್ನು ಐದೇ ಅಪ್ಪಾ.” ಮದುಮಗಳು ಹೆಜ್ಜೆ ಎಣಿಸುತ್ತಿದ್ದಾಳೆ.

ಅತ್ತೆ ಗೋಡೆಯಿಂದ ತಿರುಗುವುದೇ ಇಲ್ಲ. ಸೆರಗು ಮಾತ್ರ ಕಣ್ಣಿಗೆ ಹೋಗುತ್ತದೆ. ಇಪ್ಪತ್ತೆರಡನೆಯ ಹೆಜ್ಜೆಯ ತನಕ ಎಡಿಟರಮ್ಮ ಯಾವ ಸಂಗೀತವನ್ನೂ ಹಾಕುವುದಿಲ್ಲ.

ಹತ್ತೂವರೆಗೆ ಫೋನ್. ಮದುಮಗಳ ದನಿ: “ಅಕ್ಕಾ, ಅಪ್ಪ ನಡೆಯೋದನ್ನೇ ಮತ್ತೆ ಮತ್ತೆ ಹಾಕಿಸ್ತಿದಾರೆ. ಇದು ನಾಲ್ಕನೇ ಸಲ. ಜೊತೆಗೆ ಅವರೂ ಎಣಿಸ್ತಿದಾರೆ.”

“ಯಾವ ಸಂಗೀತ ಹಾಕಿದ್ರಿ ಅಂತ ಕೇಳಲೇ ಇಲ್ಲ ನೋಡಿ,” ಎಂದು ಎಡಿಟರಮ್ಮ ಫೋನ್ ಇಟ್ಟು ಅತ್ತೆಗೆ ಹೇಳುತ್ತಾರೆ. “ಅಷ್ಟು ಸಾಕು ನಂಗೆ.” ಆಮೇಲೆ ಈ ಬರಹದ ಕರಡನ್ನು ಓದಿಸಿಕೊಂಡು ಕೇಳಿ, ಹುಬ್ಬೇರಿಸುತ್ತಾರೆ. “ಭೂಮಿ ಮೇಲಿನ ಅರ್ಧ ಮದುವೆಗಳಾ? ಮುನ್ನೂರ ಹನ್ನೊಂದು ಅಂತ ಬರೀರಿ. ಸ್ಟೂಲಿನ ಮೇಲೆ ಕೂತಿದ್ದ ಜ್ಞಾನಿ ಯಾರು ಅಂತಾನೂ ಬರೀರಿ.”

ಬರೆಯುತ್ತಿದ್ದೇನೆ. ಮುನ್ನೂರ ಹನ್ನೊಂದು. ಡೋಲು ಹಾಕಿಸಿದವನು ನಾನೇ.