ಗೌರಿ ಬಾಗಿನ ಕೊಟ್ಟವನು

ಹಳ್ಳಿ ಮನೆಗಳ ಕಷ್ಟಸುಖ ಕೇಳಿ ಸಮಾಧಾನ ಹೇಳಲು ಹುಡುಗರನ್ನು ತಯಾರು ಮಾಡುವುದು ಆಗ ತುಮಕೂರಿನಲ್ಲಿ ನನ್ನ ಉದ್ಯೋಗ. ನಾನು ದಿನಾ ಒಪ್ಪಿಸುತ್ತಿದ್ದ ಪಾಠ ಒಂದೇ: "ಮಾತು ಕೇಳಿ, ನೆಂಟಸ್ತಿಕೆ ಬೆಳೆಸ್ಬೇಡಿ." ಇರುವ ನೆಂಟರಿಗೇ ಹೆದರುವ ನನಗೆ ಆ ಪಾಠ ತಾನಾಗಿಯೇ ಬಂದಿತ್ತು.

ಕುಣಿಗಲ್ಲಿನಾಚೆ ಕೊತ್ತಗೆರೆಗೆ ಹೋಗುತ್ತಿದ್ದ ಗುಬ್ಬಿಯ ಹುಡುಗ ಅದನ್ನು ಮುರಿದ. ಗಂಡ ಕೈ ಮುರಿದು ಹಾಕಿದ್ದ ಹೆಂಗಸೊಬ್ಬಳಿಗೆ, ಹಿಂದುಮುಂದು ಯಾರೂ ಇಲ್ಲವೆಂದು, ಹಬ್ಬಕ್ಕೆ ಗೌರಿ ಬಾಗಿನ ಕೊಟ್ಟುಬಂದ. ಬಾಗಿನ ತವರಿನಿಂದ ಬರುವಂಥದ್ದು. ಕೊಟ್ಟ ಮೇಲೆ ಇವನೇ ತಮ್ಮ, ಇವನೇ ತವರು. ಸುದ್ದಿ ಕೇಳಿದ ನಾನು, ಕೊಟ್ಟ ಬಾಗಿನ ವಾಪಸು ಪಡೆಯಲು ಯಾವುದಾದರೂ ಶಾಸ್ತ್ರವಿದೆಯೇ ಎಂದು ಚಿಂತಿಸುತ್ತ, ಅವನನ್ನು ಎಳೆದುಕೊಂಡು ಬಸ್ಸು ಹತ್ತಿದೆ.

ಕೊತ್ತಗೆರೆಯ ಆ ಮನೆಯ ಅಂಗಳದಲ್ಲಿ ಗಂಡ ಅವಳ ಜಡೆಯನ್ನು ಮುಷ್ಟಿಗೆ ಸುತ್ತಿ, ತಲೆಯನ್ನು ಒರಳಿಗೆ ಜಜ್ಜುತ್ತಿದ್ದ. ಹುಡುಗನನ್ನು ಕಂಡು ಅವನಿಗೆ ಹುರುಪು ಬಂತು.

"ಬಾರ್ಲಾ ಬಾಮೈದ! ನಿಮ್ಮಕ್ಕನ್ನ ಹೊಡಿತಾವ್ನಿ. ಕೇಳಾಕ್ ಬಂದ್ಯಾ?"

ಮತ್ತೆ ಜಜ್ಜಿದ. ರಕ್ತ ಹುಬ್ಬಿನಿಂದ ಬಾಯಿಗಿಳಿಯಿತು.

"ತಮ್ಮ ಆದವ್ನು ನಿಂತ್ಕಂಡ್ ನೋಡ್ತಾನೇನ್ಲಾ?" ಎಂದ ಜಗಲಿಯ ಮೇಲೆ ಊರವರೊಂದಿಗೆ ಕೂತು ನೋಡುತ್ತಿದ್ದ ಮುದುಕ.

ಹುಡುಗ ಒನಕೆ ಎತ್ತಿದ. "ಬೇಡ ಕಣೋ, ನೀನಿನ್ನೂ ತರಬೇತಿಲಿದೀಯ!" ಎಂದು ಕೂಗಿದೆ. ಅಷ್ಟು ಪೆದ್ದು ಮಾತನ್ನು ಆ ಅಂಗಳ ಹಿಂದೆಂದೂ ಕೇಳಿರಲಾರದು. ಒನಕೆ ಗಂಡನ ಬಲಭುಜಕ್ಕೆ ಬಿತ್ತು, ಮೂಳೆ ಲಟಕ್ಕೆಂದಿತು. ಅವನು ಎಡಗೈಯಲ್ಲೇ ಮಚ್ಚು ಸೆಳೆದು ಹುಡುಗನ ಕುತ್ತಿಗೆಗೆ ಬೀಸಿದ. ನಡುವೆ ನಾನು ಚಾಚಿದ ಕೊಡೆ ತುಂಡಾಗಿ, ನನ್ನ ಅಂಗೈ ಸೀಳಿತು. ಆಗ ಜಗಲಿಯವರು ಇಳಿದುಬಂದು ಮಚ್ಚು ಕಿತ್ತುಕೊಂಡರು.

ಅವಳು ಎದ್ದು ಕೂತಳು. ಮುರಿದ ಹಲ್ಲನ್ನು ಉಗಿದಳು.

"ನಾನು ತವರಿಗೋಗ್ತೀನಿ."

"ಹೊಸಲು ದಾಟು, ಕಡ್ದಾಕ್ತೀನಿ!"

"ಸುಮ್ಕಿರ್ಲಾ," ಮುದುಕನೇ ಗದರಿದ. "ಬಾಗಿನ ತಕಂಡವ್ಳೆ. ತವರಿಗೋಗೋಳ್ನ ತಡಿಯಾಕ್ ನೀನ್ಯಾರ್ಲಾ? ಬುಡು."

ಯಾರೂ ತಡೆಯಲಿಲ್ಲ. ಕುಣಿಗಲ್ ಆಸ್ಪತ್ರೆಯಲ್ಲಿ ಅವಳ ಹಣೆಗೂ ನನ್ನ ಅಂಗೈಗೂ ಹೊಲಿಗೆ ಬಿದ್ದವು. ಹೊರಗೆ ಹುಡುಗ ಕಾಯುತ್ತಿದ್ದ.

"ನನ್ನ ತೆಗ್ದಾಕ್ತೀರಾ ಸಾರ್?"

"ಮನೇಲಿ ಯಾರಿದಾರೆ?"

"ಅವ್ವ."

"ಕರ್ಕೊಂಡ್ಹೋಗು. ಇವತ್ತಿಂದ ಅವಳು ನಿನ್ನ ಕೇಸಲ್ಲ, ನಿನ್ನ ಅಕ್ಕ. ಅವಳ ಕಷ್ಟ ಕೇಳೋಕೆ ಬೇರೆಯವರನ್ನ ಕಳಿಸ್ತೀನಿ. ನೀನು ಅದನ್ನ ಕೇಳ್ಕೂಡ್ದು."

"ಮತ್ತೆ ನಾನೇನ್ ಕೇಳ್ಲಿ ಸಾರ್?"

"ಊಟ ಆಯ್ತಾ ಅಂತ ಕೇಳೋ."