ಗಡಿಯಾಚೆಯ ಮಿಗ

ದೊಡ್ಡಪ್ಪನ ಮನೆ ಕದ್ವಾಡದಲ್ಲಿ, ನಮ್ಮ ಕುಲದೇವರು ಗೋವಾದಲ್ಲಿ. ಕಾರವಾರದ ಕಡೆ ಇದೇನೂ ವಿಶೇಷವಲ್ಲ, ಎಷ್ಟೋ ಮನೆತನಗಳ ದೇವರು ಗಡಿಯ ಆಚೆಗೇ ಇದ್ದಾರೆ. ಆದರೆ ಉಳಿದವರು ಹಣ್ಣುಕಾಯಿ ಹಿಡಿದುಕೊಂಡು ಹೋದರೆ ಸಾಕು, ನಾವು ಕೋವಿ ಹಿಡಿದುಕೊಂಡು ಹೋಗಬೇಕು. ನಮ್ಮ ದೇವರು ವರ್ಷಕ್ಕೊಮ್ಮೆ ಬೇಟೆಗೆ ಹೊರಡುತ್ತಾನೆ. ದೇವಸ್ಥಾನದ ಹಿಂದಿನ ಗೇರುತೋಪಿನಲ್ಲಿ ಒಂದು ಮಿಗವನ್ನು, ಅಂದರೆ ಜಿಂಕೆಯನ್ನು, ನಿಲ್ಲಿಸಿರುತ್ತಾರೆ. ಅದಕ್ಕೆ ಈಡು ಹೊಡೆಯುವ ಮಾನ ನಮ್ಮ ಮನೆಯ ಹಿರಿಯನದು. ಮಿಗದ ಮೈಯೆಲ್ಲ ಬಾಳೆದಿಂಡು, ಬಿದಿರಿನ ಕಾಲು, ಗುಲಗಂಜಿಯ ಕಣ್ಣು. ಕೋವಿಯಲ್ಲೂ ಬರೀ ಮದ್ದು, ಗುಂಡಿಲ್ಲ.

ಇಷ್ಟನ್ನು ನಾನು ಹೀಗೆ ಬರೆಯುತ್ತಿರುವುದು ಗೊತ್ತಾದರೆ ದೊಡ್ಡಪ್ಪ ನನ್ನನ್ನು ಅಂಗಳಕ್ಕೆ ಸೇರಿಸಲಿಕ್ಕಿಲ್ಲ. ಬೇಟೆಯ ಮಾತೆತ್ತಿದ ದಿನದಿಂದ ಈಡು ಬೀಳುವ ತನಕ ಅದನ್ನು ಬಾಳೆದಿಂಡು ಎನ್ನಬಾರದು. ಅದು ಮಿಗ. ಈಡು ಬಿದ್ದ ಮೇಲೆ ದನಗಳ ಮುಂದೆ ಹಾಕುತ್ತಾರೆ, ಆಗ ಏನು ಬೇಕಾದರೂ ಅನ್ನಬಹುದು.

ಎಷ್ಟೋ ವರ್ಷ ದೊಡ್ಡಪ್ಪ ಕೋವಿಯನ್ನು ಚಾಪೆಯಲ್ಲಿ ಸುತ್ತಿ ಗಡಿ ದಾಟಿಸಿದ್ದ. ಯಾರೂ ಕೇಳಿರಲಿಲ್ಲ. ಹೋದ ವರ್ಷ ಮಾಜಾಳಿಯ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಚಾಪೆ ಬಿಚ್ಚಿಸಿದರು. ವಯಸ್ಸು ನೋಡಿ ಬಿಟ್ಟರು, ಮುಂದಿನ ಸಲ ಗಡಿ ದಾಟಿಸುವ ಪರವಾನಗಿ ಇಲ್ಲದೆ ತಂದರೆ ಕೇಸೇ ಎಂದರು. ಅದಕ್ಕೇ ಈ ವರ್ಷ ಅಂಕೋಲೆಯಲ್ಲಿ ನೌಕರಿಯಲ್ಲಿರುವ ನನಗೆ ಬುಲಾವು ಬಂತು.

"ನೀ ಆಫೀಸಿನವ್ಳು, ನಿಂಗೆ ಗೊತ್ತಿರ್ತದೆ," ಎಂದ ದೊಡ್ಡಪ್ಪ.

ನನಗೇನು ಮಣ್ಣು ಗೊತ್ತು! ಅವನ ಕೋವಿಯ ಪರವಾನಗಿ ಬೆಳೆ ಕಾಯುವುದಕ್ಕೆ ಕೊಟ್ಟದ್ದು, ಕೋವಿ ಜಿಲ್ಲೆ ದಾಟುವ ಹಾಗಿಲ್ಲ ಎಂದರು ಕಾರವಾರದವರು. ಬೇರೆ ರಾಜ್ಯಕ್ಕೆ ಒಯ್ಯಬೇಕಾದರೆ ಆ ರಾಜ್ಯದವರು ಒಪ್ಪಬೇಕಂತೆ. ಗೋವಾದ ಕಚೇರಿಗೆ ಫೋನು ಮಾಡಿದೆ. ನೀವು ಹೊರಗಿನವರು, ಮೊದಲು ನಿಮ್ಮ ಊರಿನ ಪತ್ರ ತನ್ನಿ ಎಂದರು. ದೇವಸ್ಥಾನದ ಕಾರ್ಯದರ್ಶಿಗೆ ಮಾಡಿದರೆ, "ನೀವು ಹೊರಗಿನವರಲ್ಲ, ನಮ್ಮವರೇ. ಕೋವಿ ಮಾತ್ರ ಹೊರಗಿನದು," ಎಂದ. ಜೊತೆಗೆ ಇನ್ನೊಂದು ಮಾತನ್ನೂ ತಣ್ಣಗೆ ಹೇಳಿದ: ನಿಮ್ಮಿಂದ ಆಗದಿದ್ದರೆ ದೇವಸ್ಥಾನದ ಊರಿನ ಇನ್ನೊಂದು ಮನೆಯವರ ಹತ್ತಿರ ಕೋವಿ ಇದೆ, ಅವರು ಹೊಡೆಯುತ್ತಾರೆ, ಮಾನವೂ ಮುಂದೆ ಅವರದೇ. ದೊಡ್ಡಪ್ಪನಿಗೆ ಇದನ್ನು ಹೇಗೆ ಹೇಳುವುದೋ ತಿಳಿಯಲಿಲ್ಲ. ಹೇಳಿದೆ. ಅವನು ಆ ಹೊತ್ತು ಊಟ ಮಾಡಲಿಲ್ಲ.

ಮರುದಿನ ಇಬ್ಬರೂ ಕಾರವಾರದ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತ ಕೇಳಿದ, "ಕೋವಿ ಎಂತಕ್ಕೆ ಒಯ್ಯೂದು ಅಜ್ಜಾ?"

"ಮಿಗ ಹೊಡೂಕೆ."

ಗುಮಾಸ್ತ ಪೆನ್ನು ಕೆಳಗಿಟ್ಟ. "ಜಿಂಕೆ ಹೊಡದ್ರೆ ಜೈಲು ಅಂತ ಗೊತ್ತದೆಯಾ?"

"ಸರ್, ಅದು ನಿಜವಾದ..." ಎಂದು ಬಾಯಿ ಹಾಕಿದೆ. ದೊಡ್ಡಪ್ಪ ನನ್ನತ್ತ ನೋಡಿದ ರೀತಿಗೆ ಮಾತನ್ನು ಅಲ್ಲಿಗೇ ಬಿಟ್ಟೆ.

ಪುಣ್ಯಕ್ಕೆ ಗುಮಾಸ್ತ ಕರಾವಳಿಯವನೇ. ಸ್ವಲ್ಪ ಹೊತ್ತಿಗೆ ಅವನಿಗೆ ಹೊಳೆಯಿತು. ದನಿ ಇಳಿಸಿ ಹೇಳಿದ, "ಅಜ್ಜಾ, ಅದು ಬಾಳೆದಿಂಡಿಂದು ಅಂತ ಒಂದ್ ಮಾತು ಹೇಳಿಬಿಡಿ. ಸಾಹೇಬ್ರ ಸಹಿ ನಾ ಮಾಡಿಸ್ತೆ."

"ಅಂತದ್ನ ಹೊಡೂಕೆ ದೇವ್ರು ಬೇಟೆಗೆ ಹೊರಡ್ತನಾ ಸಾಯ್ಬ್ರೆ? ಮಿಗ ಅಂದ್ರೆ ಮಿಗ."

ರಿಕ್ಷಾದಲ್ಲಿ ನನ್ನ ಸಿಟ್ಟು ನೆತ್ತಿಗೇರಿತ್ತು. ಒಂದು ಮಾತು, ಒಂದೇ ಮಾತು ಆಡಿದ್ದರೆ ಕೆಲಸ ಆಗುತ್ತಿತ್ತಲ್ಲ ಎಂದು ಕೂಗಾಡಿದೆ. ಅವನು ಹೊರಗೆ ನೋಡುತ್ತ ಕೇಳಿದ, "ಅದು ಮಿಗ ಅಲ್ಲ ಅಂತ ನಾನೇ ಹೇಳಿದ್ಮೇಲೆ, ಅಲ್ಲಿ ಹೋಗಿ ಹೊಡೂದು ಎಂತದ್ನೆ ತಂಗೀ?" ಅವನದು ಸರಿಯೋ ಹಟವೋ ಎಂದು ಇವತ್ತಿಗೂ ನನಗೆ ತೀರ್ಮಾನಿಸಲಾಗಿಲ್ಲ.

ಬೇಟೆಯ ದಿನ ಕೋವಿ ಇಲ್ಲದೆಯೇ ಹೊರಟೆವು. ಬಾಡಿಗೆ ಕಾರಿನಲ್ಲಿ ದೊಡ್ಡಪ್ಪ ಮುಂದೆ ಕೂತ. ಖಾಲಿ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದ. ಯಾಕೆ ಹೋಗುತ್ತಿದ್ದೇವೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಗೇರುತೋಪಿನಲ್ಲಿ ಪಲ್ಲಕ್ಕಿಯ ದೇವರ ಎದುರು ಮಿಗ ನಿಂತಿತ್ತು. ಆ ಇನ್ನೊಂದು ಮನೆಯವನು ಹೊಸ ಪಂಚೆ ಉಟ್ಟು, ಕೋವಿಗೆ ಮದ್ದು ತುಂಬಿ ಕಾಯುತ್ತಿದ್ದ. ಕಾರ್ಯದರ್ಶಿ ಗಡಿಯಾರ ನೋಡಿಕೊಂಡ. ದೊಡ್ಡಪ್ಪ ಯಾರ ಜೊತೆಗೂ ಮಾತಾಡದೆ ಸೀದಾ ಮಿಗದ ಹತ್ತಿರ ನಡೆದ. ಅದರ ಬೆನ್ನ ಮೇಲೆ ಕೈಯಿಟ್ಟ. ದೇವರ ಎದುರಿನ ಮಾತೆಲ್ಲ ಅಲ್ಲಿ ಕೊಂಕಣಿಯಲ್ಲಿ. "ವಚ್. ಹ್ಯಾ ವರ್ಸಾ ಸೊಡ್ಲಾ ತುಕಾ," ಎಂದ. ಹೋಗು, ಈ ವರ್ಷ ಬಿಟ್ಟಿದ್ದೇನೆ ನಿನ್ನನ್ನು.

ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ವಾದ್ಯದವರು ಬಾರಿಸುವುದೋ ಬಿಡುವುದೋ ಎಂದು ಭಟ್ಟರ ಮುಖ ನೋಡಿದರು, ಭಟ್ಟರು ದೇವರ ಮುಖ ನೋಡಿದರು. ಕಾರ್ಯದರ್ಶಿ ಕೋವಿಯವನಿಗೆ ಸನ್ನೆ ಮಾಡಿದ. ಅವನು ಕೋವಿ ಎತ್ತಿದ, ಆದರೆ ದೊಡ್ಡಪ್ಪನ ಕೈ ಇನ್ನೂ ಮಿಗದ ಮೇಲೇ ಇತ್ತು. ಕಡೆಗೆ ಭಟ್ಟರೇ, ಹೊಡೆಯುವವನೇ ಬಿಟ್ಟ ಮೇಲೆ ಇನ್ನೊಬ್ಬ ಹೇಗೆ ಹೊಡೆಯುತ್ತಾನೆ ಎಂದು ಗೊಣಗಿದರು. ಕೋವಿ ಕೆಳಗಿಳಿಯಿತು. ಇಬ್ಬರು ಮಿಗವನ್ನು ಎತ್ತಿಕೊಂಡು ಕಾಡಿನ ಕಡೆ ಓಡಿದರು, ಯಾರು ಹೇಳಿದರೋ ಏನೋ. ಮಾನದ ತೆಂಗಿನಕಾಯಿ ಎಂದಿನಂತೆ ದೊಡ್ಡಪ್ಪನ ಕೈಗೇ ಬಂತು. ನನಗೆ ಅಳು ತಡೆಯಲಾಗಲಿಲ್ಲ.

ವಾಪಸು ಬರುವಾಗ ಮಾಜಾಳಿಯಲ್ಲಿ ಕಾರು ನಿಲ್ಲಿಸಿದರು. ಎಲ್ಲಿಗೆ ಹೋಗಿದ್ದಿರಿ ಎಂದು ಪೊಲೀಸ್ ಕೇಳಿದ.

"ಬೇಟೆಗೆ," ಎಂದ ದೊಡ್ಡಪ್ಪ.

ಪೊಲೀಸ್ ನಕ್ಕು, "ಎಂತ ಸಿಕ್ತು ಅಜ್ಜಾ?" ಎಂದ.

"ಸಿಕ್ಕಿತ್ತು. ಬಿಟ್ಟೆ."

ಕಾರು ಕಾಳಿ ಸೇತುವೆ ಹತ್ತಿತು. ದೊಡ್ಡಪ್ಪ ತೆಂಗಿನಕಾಯಿಯನ್ನು ಮಡಿಲಲ್ಲಿ ಸರಿಮಾಡಿಕೊಂಡು ಹೇಳಿದ: "ಬರೂ ವರ್ಷದ ಅರ್ಜಿ ಈಗ್ಲೇ ಹಾಕು. ಮಿಗ ಅಂತ್ಲೇ ಬರಿ."