ಶಿರೀನಳ ಕಟ್‌ಪೀಸ್ ಆಟ

ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯೊಂದರಲ್ಲಿ ನಜೀರ್ ಅವರ ಕಟ್‌ಪೀಸ್ ಅಂಗಡಿ ಇದೆ. ದೊಡ್ಡ ಅಂಗಡಿಗಳಲ್ಲಿ ಬಟ್ಟೆ ಕತ್ತರಿಸಿ ಕೊನೆಗೆ ಉಳಿಯುವ ಒಂದು ಮೀಟರ್, ಒಂದೂವರೆ ಮೀಟರ್ ತುಂಡುಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಅವರ ಮಗಳು ಶಿರೀನ್ ಬಿ.ಕಾಂ. ಮುಗಿಸಿ ಅದೇ ಅಂಗಡಿಯಲ್ಲಿ ಕೂತಳು. ಯಾರೂ ಬಲವಂತ ಮಾಡಿದ್ದಲ್ಲ. ಬಟ್ಟೆ ಮಡಿಸುವುದು, ಗಿರಾಕಿಗಳ ಜೊತೆ ಚೌಕಾಸಿ ಮಾಡುವುದು ಅವಳಿಗೆ ಚಿಕ್ಕಂದಿನಿಂದಲೂ ಇಷ್ಟ.

ಆಟಗಳ ಹುಚ್ಚು ಹತ್ತಿಸಿದವಳು ಕಾಲೇಜಿನ ಗೆಳತಿ ಮಧುರಾ. ಒಂದು ಭಾನುವಾರ ಅವಳು ಶಿರೀನಳನ್ನು ಇಂದಿರಾನಗರದ ಕೆಫೆಯೊಂದಕ್ಕೆ ಎಳೆದುಕೊಂಡು ಹೋದಳು. ತಾವೇ ಹೊಸ ಬೋರ್ಡ್ ಗೇಮ್ ಕಟ್ಟುವವರು ಅಲ್ಲಿ ಸೇರುತ್ತಿದ್ದರು. ರಟ್ಟು ಕತ್ತರಿಸಿ, ಸ್ಕೆಚ್ ಪೆನ್ನಿನಲ್ಲಿ ಬರೆದು, ಇನ್ನೂ ಅರ್ಧಂಬರ್ಧ ಇರುವ ಆಟವನ್ನು ಗುರುತು ಪರಿಚಯ ಇಲ್ಲದವರ ಕೈಯಲ್ಲಿ ಆಡಿಸಿ, ಎಲ್ಲಿ ಕೆಡುತ್ತದೆ ಎಂದು ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಅದಕ್ಕೆ ಅವರು ಟೆಸ್ಟಿಂಗ್ ಎನ್ನುತ್ತಿದ್ದರು. ಶಿರೀನ್ ಅವತ್ತು ಆಡಿದ್ದರಲ್ಲೆಲ್ಲ ಸೋತಳು. ಆದರೂ ಆಟೋದಲ್ಲಿ ವಾಪಸು ಬರುವಾಗ ಅವಳ ಬಾಯಿ ನಿಲ್ಲಲಿಲ್ಲ.

"ಎಲ್ಲಾ ಆಟದಲ್ಲೂ ರಾಜ, ಕೋಟೆ, ಯುದ್ಧ. ನಮ್ಮ ಅಂಗಡೀಲಿ ದಿನಾ ನಡಿಯೋದೂ ಒಂದು ಆಟಾನೇ ಕಣೇ."

"ಹಾಗಾದ್ರೆ ಮಾಡು. ಯಾರು ಬೇಡ ಅಂದ್ರು?" ಎಂದಳು ಮಧುರಾ.

ಶಿರೀನ್ ಮಾಡಿದಳು. ಆಟಕ್ಕೆ ಕಟ್‌ಪೀಸ್ ಎಂದೇ ಹೆಸರಿಟ್ಟಳು. ಒಂದೊಂದು ಕಾರ್ಡೂ ಒಂದು ಬಟ್ಟೆ: ರೇಷ್ಮೆ, ಕಾಟನ್, ರೇಯಾನ್, ವೆಲ್ವೆಟ್. ಬೇಡದ ಕಾರ್ಡನ್ನು ಮಗುಚಿಟ್ಟು "ಇದು ರೇಷ್ಮೆ" ಎಂದೋ "ಕಾಟನ್" ಎಂದೋ ಹೇಳಬೇಕು. ನಿಜವನ್ನೂ ಹೇಳಬಹುದು, ಸುಳ್ಳನ್ನೂ ಹೇಳಬಹುದು. ನಂಬಿದವರು ತಮ್ಮದೊಂದು ಕಾರ್ಡನ್ನು ಹಾಗೇ ಮಗುಚಿ ಕೊಟ್ಟು ಅದಲುಬದಲು ಮಾಡಿಕೊಳ್ಳಬೇಕು. ಒಂದೇ ಬಟ್ಟೆಯ ನಾಲ್ಕು ಕಾರ್ಡು ಮೊದಲು ಕೂಡಿಸಿದವರು ಗೆದ್ದಂತೆ. ಮೊದಲ ಸಲ ಅವಳು ರಟ್ಟಿನ ಮೇಲೆ ನಿಜವಾದ ಬಟ್ಟೆ ಚೂರುಗಳನ್ನೇ ಅಂಟಿಸಿದ್ದಳು. ಮಗುಚಿಟ್ಟರೂ ವೆಲ್ವೆಟ್ ಕಾರ್ಡು ದಪ್ಪಗೆ ಉಬ್ಬಿಕೊಂಡು ತನ್ನ ಗುಟ್ಟು ತಾನೇ ಬಿಟ್ಟುಕೊಡುತ್ತಿತ್ತು. ಅದನ್ನೆಲ್ಲ ಕಿತ್ತು, ಬಣ್ಣ ಹಚ್ಚಿ ಹೊಸ ಕಾರ್ಡು ಮಾಡಿದಳು.

ಒಂದು ಶುಕ್ರವಾರ ನಮಾಜು ಮುಗಿಸಿ ಬಂದ ಅಪ್ಪ, ಅಣ್ಣ ಮೊಹ್ಸಿನ್ ಮತ್ತು ಪಕ್ಕದ ಲೈನಿಂಗ್ ಬಟ್ಟೆ ಅಂಗಡಿಯ ಫೈಸಲ್, ಮೂವರನ್ನೂ ಅಂಗಡಿಯ ಜಮಖಾನದ ಮೇಲೆ ಕೂರಿಸಿದಳು. ನಜೀರ್ ಒಂದು ಕಾರ್ಡು ಮುಂದಿಟ್ಟು, "ರೇಷ್ಮೆ. ಇಂಥ ಮಾಲು ಇಡೀ ಶಿವಾಜಿನಗರದಲ್ಲೇ ಇಲ್ಲ" ಎಂದರು. ಫೈಸಲ್ ನಕ್ಕು ತಲೆ ಆಡಿಸಿದ. ಫೈಸಲ್ ಇಟ್ಟಿದ್ದನ್ನು ಮೊಹ್ಸಿನ್ ಮುಟ್ಟಲಿಲ್ಲ. ಮೊಹ್ಸಿನ್ ಇಟ್ಟಿದ್ದನ್ನು ಅಪ್ಪ ಕಣ್ಣೆತ್ತಿಯೂ ನೋಡಲಿಲ್ಲ. ಚಹಾ ಬಂತು, ಕುಡಿದಾಯಿತು. ಒಂದು ಕಾರ್ಡೂ ಕೈ ಬದಲಾಗಿರಲಿಲ್ಲ.

"ಅಬ್ಬಾ, ಯಾರಾದ್ರೂ ಒಬ್ಬರು ನಂಬಬೇಕು. ಇಲ್ದಿದ್ರೆ ಆಟ ಮುಂದೆ ಹೋಗೋದು ಹೇಗೆ?" ಎಂದು ಶಿರೀನ್ ಅಪ್ಪನನ್ನು ಕೇಳಿದಳು.

ನಜೀರ್ ಫೈಸಲ್ ಕಡೆ ಕೈ ತೋರಿಸಿ, ಮನೆಮಾತಾದ ದಖ್ನಿ ಉರ್ದುವಿನಲ್ಲೇ ಸಮಾಧಾನ ಹೇಳಿದರು: "ಬೇಟಾ, ಇವನ ಮಾತು ನಂಬಿದ್ದಿದ್ರೆ ನಾನು ಎಂದೋ ಅಂಗಡಿ ಮುಚ್ಚಬೇಕಿತ್ತು."

ಮುಂದಿನ ಭಾನುವಾರ ಶಿರೀನ್ ಕಾರ್ಡು ಹೊತ್ತುಕೊಂಡು ಕಗ್ಗದಾಸಪುರದ ಮಧುರಾ ಮನೆಗೆ ಹೋದಳು. ಮಧುರಾಳ ತಂದೆ ಯಜ್ಞನಾರಾಯಣ ಸರ್ಕಾರಿ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಕನ್ನಡಕ ಹಾಕಿಕೊಂಡು ನಿಯಮದ ಹಾಳೆಯನ್ನು ಮೊದಲಿಂದ ಕೊನೆವರೆಗೆ ಓದಿದರು. ತಾಯಿ ಸೀತಾಲಕ್ಷ್ಮಿ ಕೋಡುಬಳೆ ತಟ್ಟೆ ತಂದಿಟ್ಟು ಪಕ್ಕದಲ್ಲಿ ಕೂತರು. ಇಲ್ಲಿ ಆದದ್ದೇ ಬೇರೆ.

"ಇದು ರೇಯಾನು," ಎಂದು ಸೀತಾಲಕ್ಷ್ಮಿ ಕಾರ್ಡು ಇಟ್ಟರು. "ನಿಜವಾಗ್ಲೂ ರೇಯಾನೇ."

"ನಂಗೆ ಅದೇ ಬೇಕಿತ್ತು. ತಗೋ, ಕಾಟನ್ನು," ಎಂದರು ಯಜ್ಞನಾರಾಯಣ. ಅದೂ ನಿಜವೇ.

ಎಲ್ಲರೂ ಎಲ್ಲರಿಗೂ ಬೇಕಾದ್ದನ್ನು ಕೊಟ್ಟು ತೆಗೆದುಕೊಂಡು, ಕೋಡುಬಳೆ ಖಾಲಿಯಾಗುವುದರೊಳಗೆ ಆಟ ಮುಗಿಸಿದರು. ಮಧುರಾ ಹಣೆ ಚಚ್ಚಿಕೊಂಡಳು. "ಅಮ್ಮ, ಸುಳ್ಳು ಹೇಳ್ಬಹುದು ಇದರಲ್ಲಿ!"

"ಮನೇಲಿ ಕೂತ್ಕೊಂಡು ಎಂಥ ಸುಳ್ಳು ಹೇಳೋದೇ?"

ಇನ್ನೊಂದು ಸಲ ಆಡಿದರು. ಈ ಸಲ ಮಧುರಾ ಇಟ್ಟ ಕಾರ್ಡಿನ ತುದಿಯನ್ನು ಸೀತಾಲಕ್ಷ್ಮಿ ಉಗುರಿನಲ್ಲಿ ಸ್ವಲ್ಪವೇ ಎತ್ತಿ ನೋಡಿದರು. ಯಜ್ಞನಾರಾಯಣರ ಕಣ್ಣಿಗೆ ಬಿತ್ತು.

"ಏನಿದು, ಕದ್ದು ನೋಡ್ತಿದೀಯಾ?"

"ಮೂಲೆ ಮಾತ್ರ ನೋಡ್ದೆ ರೀ. ಬಟ್ಟೆ ಅಂದ್ಮೇಲೆ ಸೆರಗಾದ್ರೂ ನೋಡ್ದೆ ಹೇಗೆ ತಗೊಳ್ಳೋದು?"

ಎಲ್ಲರೂ ನಕ್ಕರು, ಶಿರೀನ್ ಕೂಡ. ಆದರೆ ಬಸ್ಸಿನಲ್ಲಿ ಅವಳ ಮನಸ್ಸು ಕುಗ್ಗಿತ್ತು. ಒಬ್ಬರು ಏನನ್ನೂ ನಂಬುವುದಿಲ್ಲ, ಒಬ್ಬರು ಎಲ್ಲವನ್ನೂ ನಂಬುತ್ತಾರೆ. ಎರಡು ಮನೆಯಲ್ಲೂ ಆಟ ಸತ್ತಿತ್ತು.

ಕೆಫೆಯಲ್ಲಿ ಕಶ್ಯಪ್ ಎಂಬವನಿದ್ದ. ಅಷ್ಟು ಹೊತ್ತಿಗಾಗಲೇ ಎರಡು ಆಟ ಮುಗಿಸಿ ಮಾರಿದ್ದವನು. ಅವನು, "ಸುಳ್ಳಿಗೆ ಪೆನಾಲ್ಟಿ ಹಾಕು, ನಿಜಕ್ಕೆ ಬೋನಸ್ ಕೊಡು. ಸರಿ ಹೋಗತ್ತೆ" ಎಂದ. ಶಿರೀನ್ ಹಾಗೇ ಮಾಡಿದಳು. ನಿಯಮದ ಹಾಳೆ ಉದ್ದವಾಯಿತು. ಆಡಲು ಕೂತವರು ಒಬ್ಬರ ಮುಖ ಒಬ್ಬರು ನೋಡುವುದು ಬಿಟ್ಟು ಹಾಳೆ ನೋಡತೊಡಗಿದರು. ಮೇಜಿನ ಸುತ್ತ ಮಾತೇ ಇಲ್ಲ. ಎರಡು ತಿಂಗಳು ಒದ್ದಾಡಿ ಆಟವನ್ನು ಕವರಿನಲ್ಲಿ ಹಾಕಿ ಶೆಲ್ಫಿನ ಮೇಲೆ ಎಸೆದಳು. ರಂಜಾನ್ ವ್ಯಾಪಾರ ಬೇರೆ ಶುರುವಾಗಿತ್ತು. ಯೋಚಿಸಲು ಪುರುಸೊತ್ತೂ ಇರಲಿಲ್ಲ.

ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ, ಅಂಗಡಿ ಖಾಲಿ ಇದ್ದಾಗ, ಸೀತಾಲಕ್ಷ್ಮಿಯವರ ಉಗುರು ಅವಳಿಗೆ ನೆನಪಾಯಿತು. ಆಂಟಿ ಮಾಡಿದ್ದು ಮೋಸ ಎಂದುಕೊಂಡಿದ್ದೆವಲ್ಲ, ಅದನ್ನೇ ನಿಯಮ ಮಾಡಿದರೆ? ಅವಳು ಪ್ರತಿ ಕಾರ್ಡಿಗೂ ಕಾಗದದ ಒಂದು ಚೀಲ ಮಾಡಿ, ಅದರ ಒಂದು ಮೂಲೆ ಕತ್ತರಿಸಿದಳು. ಅಲ್ಲಿಂದ ಬಟ್ಟೆಯ ಬಣ್ಣ ಬೆರಳ ತುದಿಯಷ್ಟು ಕಾಣಬೇಕು. ಕೆಂಪು ಕಂಡರೆ ರೇಷ್ಮೆಯೂ ಇರಬಹುದು, ರೇಯಾನೂ ಇರಬಹುದು. ನೀಲಿ ಕಂಡರೆ ಕಾಟನ್ನೋ ವೆಲ್ವೆಟ್ಟೋ. ಪೆನಾಲ್ಟಿ, ಬೋನಸ್ ಎಲ್ಲ ಕಿತ್ತುಹಾಕಿದಳು.

ಈ ಸಲ ಎರಡೂ ಮನೆಯವರನ್ನು ಒಟ್ಟಿಗೆ ಕರೆದಳು. ಅಂಗಡಿಯ ಮೇಲಿನ ಕೋಣೆಯಲ್ಲಿ ನಜೀರ್, ಫೈಸಲ್, ಯಜ್ಞನಾರಾಯಣ, ಸೀತಾಲಕ್ಷ್ಮಿ ಸುತ್ತ ಕೂತರು. ಶಿರೀನ್ ಬಾಯಿ ಬಿಡಬಾರದೆಂದು ನಿರ್ಧರಿಸಿ ಗೋಡೆಗೆ ಒರಗಿ ನಿಂತಳು. ಮೊದಮೊದಲು ಎಲ್ಲರಿಗೂ ಸಂಕೋಚ. ಆಮೇಲೆ ಫೈಸಲ್ ಒಂದು ನೀಲಿ ಮೂಲೆಯನ್ನು ಹತ್ತಿರದಿಂದ ನೋಡಿ ಗಲ್ಲ ಕೆರೆದುಕೊಂಡ, ತೆಗೆದುಕೊಂಡ. ಆಟದಲ್ಲಿ ಅವನು ಏನನ್ನಾದರೂ ನಂಬಿದ್ದು ಅದೇ ಮೊದಲು. ಅತ್ತ ಯಜ್ಞನಾರಾಯಣರಿಗೆ ಹೆಂಡತಿಯ ಮೇಲೇ ಅನುಮಾನ ಹುಟ್ಟಿತು.

ಸ್ವಲ್ಪ ಹೊತ್ತಿಗೆ ಸೀತಾಲಕ್ಷ್ಮಿ ಕೆಂಪು ಮೂಲೆಯ ಕಾರ್ಡೊಂದನ್ನು ನಜೀರ್ ಮುಂದೆ ಸರಿಸಿದರು.

"ರೇಷ್ಮೆ ನಜೀರ್ ಸಾಬ್ರೇ."

"ಅಮ್ಮಾ, ನಿಜ ಹೇಳ್ತೀರಾ?"

"ನನ್ನ ಮುಖ ನೋಡಿದ್ರೆ ಸುಳ್ಳು ಹೇಳೋಳ ಥರ ಕಾಣ್ತೀನಾ?"

ನಜೀರ್ ಸೀತಾಲಕ್ಷ್ಮಿಯ ಮುಖ ನೋಡಿದರು. ಮೂಲೆ ನೋಡಿದರು. ಮತ್ತೆ ಮುಖ ನೋಡಿ, ತಮ್ಮದೊಂದು ಕಾರ್ಡು ಕೊಟ್ಟು ಅದನ್ನು ತೆಗೆದುಕೊಂಡರು. ಚೀಲದಿಂದ ಹೊರಬಂದದ್ದು ರೇಯಾನ್. ನಜೀರ್ ತೊಡೆ ತಟ್ಟಿಕೊಂಡು ನಕ್ಕರು. ಸೀತಾಲಕ್ಷ್ಮಿಯ ಕೆನ್ನೆ ಕೆಂಪಾಗಿತ್ತು. "ಅಯ್ಯೋ, ತಪ್ಪು ತಿಳ್ಕೋಬೇಡಿ" ಎನ್ನುತ್ತಲೇ ಅವರು ಇನ್ನೊಂದು ಕಾರ್ಡು ಆರಿಸುತ್ತಿದ್ದರು. ಮತ್ತೊಂದು ಸುತ್ತು, ಮತ್ತೊಂದು ಸುತ್ತು ಎಂದು ಊಟದ ಹೊತ್ತು ಮೀರಿತು. ಇವರು ನನ್ನನ್ನು ಮರೆತೇಬಿಟ್ಟಿದ್ದಾರೆ ಎಂದು ಶಿರೀನಳಿಗೆ ಆಗ ಹೊಳೆಯಿತು. ಅವಳಿಗೆ ಬೇಕಾಗಿದ್ದದ್ದೂ ಅದೇ. ಸದ್ದಿಲ್ಲದೆ ಕೆಳಗಿಳಿದು ಹೋಗಿ ತಮ್ಮವರಿಗೆ ಬಿರಿಯಾನಿ, ಮಧುರಾ ಮನೆಯವರಿಗೆ ಪುಳಿಯೋಗರೆ ಕಟ್ಟಿಸಿಕೊಂಡು ಬಂದಳು.

ಆ ವರ್ಷದ ಕೊನೆಗೆ ಕಟ್‌ಪೀಸ್ ಪೆಟ್ಟಿಗೆಯಲ್ಲಿ ಹೊರಬಂತು. ಮೂಲೆ ಕತ್ತರಿಸಿದ ಚೀಲಗಳನ್ನು ಅವಳೂ ಮೊಹ್ಸಿನನೂ ಕೂತು ಅಂಟಿಸಿದರು. ಕೆಫೆಯಲ್ಲಿ ಒಂದಿಷ್ಟು ಹೋದವು. ಅಂಗಡಿಯ ಗಿರಾಕಿಗಳು ಬಟ್ಟೆಯ ಜೊತೆ ಒಂದಿಷ್ಟು ಒಯ್ದರು. ದೊಡ್ಡ ಹೆಸರೇನೂ ಬರಲಿಲ್ಲ. ಕೆ.ಆರ್. ಪುರದ ಕಡೆಯ ಒಬ್ಬ ಟೀಚರು ಫೋನ್ ಮಾಡಿ, "ಐದನೇ ನಿಯಮ ಅರ್ಥ ಆಗ್ತಿಲ್ಲ ಕಣ್ರೀ, ಮಕ್ಕಳು ಜಗಳ ಆಡ್ತಿದಾರೆ" ಎಂದರು. ಶಿರೀನ್ ಗಿರಾಕಿಯನ್ನು ಕೂರಿಸಿಟ್ಟು ಅವರಿಗೆ ಸಾವಕಾಶವಾಗಿ ವಿವರಿಸಿದಳು, ಸಂಜೆ ಆ ಸಾಲನ್ನು ತಿದ್ದಿ ಬರೆದಳು.

ಈಗ ಅವಳು ಸಿಟಿ ಬಸ್ಸಿನ ಸೀಟು ಹಿಡಿಯುವ ಬಗ್ಗೆ ಇನ್ನೊಂದು ಆಟ ಕಟ್ಟುತ್ತಿದ್ದಾಳೆ. ಸದ್ಯಕ್ಕೆ ಅದು ಸ್ವಲ್ಪವೂ ಚೆನ್ನಾಗಿಲ್ಲ ಎಂದು ಅವಳೇ ಹೇಳುತ್ತಾಳೆ.